ಮಾಮೂಲಿ ಹಾಕ್ರಿ

ಕಳೆದುಹೋದ ಟೆಂಪ್ಲೇಟು ಬಹಳ ಸಲ ಕಳೆದುಹೋಗಿರೋದೇ ಇಲ್ಲ. ಅಪ್‌ಡೇಟ್ ಆದ ಮರುದಿನ ತಂತ್ರಾಂಶ ತೆರೀತೀವಿ, ವರ್ಷಗಟ್ಟಲೆ ತಿದ್ದಿ ತೀಡಿ ಇಟ್ಟುಕೊಂಡಿದ್ದ ನಮೂನೆಗಳು ಒಂದೂ ಕಾಣಲ್ಲ, ಎದೆ ಧಸಕ್ಕನ್ನತ್ತೆ. ಆದರೆ ಫೈಲುಗಳು ಅಲ್ಲೇ ಎಲ್ಲೋ ಇರ್ತವೆ. ಅವು ಯಾವ ಫೋಲ್ಡರಿನಲ್ಲಿವೆ ಅನ್ನೋ ವಿಳಾಸ ಮಾತ್ರ ತಂತ್ರಾಂಶಕ್ಕೆ ಮರೆತುಹೋಗಿರತ್ತೆ. ನೀವು ವರ್ಡ್ ಬಳಸುವವರಾದರೆ, 2013ರ ಆವೃತ್ತಿಯಿಂದ ಈಚೆಗೆ, ಡಾಕ್ಯುಮೆಂಟ್ಸ್ ಒಳಗೆ ಕಸ್ಟಮ್ ಆಫೀಸ್ ಟೆಂಪ್ಲೇಟ್ಸ್ ಅನ್ನೋ ಫೋಲ್ಡರ್ ಇದೆಯಾ ನೋಡಿ. ಅದಕ್ಕಿಂತ ಹಳೆಯವಾದರೆ ಆಪ್‌ಡೇಟಾ ಅಂತ ಕಣ್ಣಿಗೆ ಕಾಣದ ಹಾಗೆ ಬಚ್ಚಿಟ್ಟ ಫೋಲ್ಡರಿಗೆ ಹೋಗಿ, ರೋಮಿಂಗ್, ಮೈಕ್ರೋಸಾಫ್ಟ್, ಟೆಂಪ್ಲೇಟ್ಸ್ ಅಂತ ಮೂರು ಬಾಗಿಲು ದಾಟಬೇಕು. ಲಿಬ್ರೆ ಆಫೀಸ್‌ನವರಿಗೆ ಆಪ್ಷನ್ಸ್ ಒಳಗಿನ ಪಾತ್ಸ್ ಪಟ್ಟಿಯಲ್ಲಿ ವಿಳಾಸ ಸಿಗತ್ತೆ. ಇದ್ಯಾವುದೂ ಆಗಲಿಲ್ಲ ಅಂದರೆ ಕೊನೆಗೊಂದು ದಾರಿ ಇದೆ. ಆ ಟೆಂಪ್ಲೇಟಿನಿಂದ ಹಿಂದೆ ಮಾಡಿದ ಯಾವುದಾದರೂ ಡಾಕ್ಯುಮೆಂಟನ್ನು ತೆಗೆದು, ಅದರಲ್ಲಿರುವ ಹೆಸರು, ತಾರೀಖು, ಅಂಕಿಗಳನ್ನು ಅಳಿಸಿ, ಟೆಂಪ್ಲೇಟ್ ಅಂತ ಮತ್ತೆ ಸೇವ್ ಮಾಡೋದು. ಮಾರ್ಜಿನ್, ಸ್ಟೈಲು, ಹೆಡರ್ ಎಲ್ಲ ಆ ಡಾಕ್ಯುಮೆಂಟಿನೊಳಗೇ ಉಳಿದಿರ್ತವೆ.

ಅಂದರೆ ಒಂದು ಬರಹದಿಂದ ಮನುಷ್ಯರನ್ನು ತೆಗೆದುಬಿಟ್ಟರೆ ಟೆಂಪ್ಲೇಟು ವಾಪಸ್ ಬರತ್ತೆ. ಈ ಕೆಲಸವನ್ನು ನಾನು ಹೋದ ವರ್ಷ ಸಿರುಗುಪ್ಪದಲ್ಲಿ ಮಾಡಿದೆ. ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ‘ನಾನು ಸ್ವಇಚ್ಛೆಯಿಂದ ಬರೆದುಕೊಡುತ್ತಿದ್ದೇನೆ’ ಅನ್ನೋ ಸಾಲು, ಬರೆದುಕೊಡುವವರು ಬಾಗಿಲಿಗೆ ಬರುವ ಮೊದಲೇ ಟೈಪ್ ಆಗಿದ್ದರೆ, ಆ ಇಚ್ಛೆ ಯಾರದು?

ನನ್ನ ಸೋದರಮಾವ ಸಿರುಗುಪ್ಪದಲ್ಲಿ ಪತ್ರ ಬರಹಗಾರರು. ಊರವರ ಬಾಯಲ್ಲಿ ಬಾಂಡ್ ರೈಟರ್. ಕಾವೇರಿ 2.0 ಬಂದ ಮೇಲೆ ನೋಂದಣಿಯ ಅರ್ಜಿಯೆಲ್ಲ ಆನ್‌ಲೈನ್ ಆಗಿದೆ, ಆದರೂ ಹಳ್ಳಿಯ ಜನ ಮೊದಲು ಮಾವನ ಅಂಗಡಿಯ ಬೆಂಚಿನ ಮೇಲೇ ಬಂದು ಕೂರೋದು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ವಿಲ್ಲು, ಭೋಗ್ಯ, ಬಾಡಿಗೆ ಕರಾರು, ಹಕ್ಕು ಬಿಡುಗಡೆ, ಹೀಗೆ ಹನ್ನೊಂದು ಟೆಂಪ್ಲೇಟು ಅವರ ಜೀವನ. ಒಂದು ರಾತ್ರಿ ಏನೋ ಅಪ್‌ಡೇಟ್ ಆಯಿತು, ಬೆಳಿಗ್ಗೆ ಹನ್ನೊಂದೂ ಇಲ್ಲ. ನಾಲ್ಕು ದಿನ ಕೈಯಲ್ಲೇ ಬರೆದು ದೂಡಿದರು. ಐದನೇ ದಿನ ಫೋನ್: “ಏನವ್ವಾ, ದಿನಾ ಕಂಪ್ಯೂಟರ್ ಮುಂದ ಕುಂದರ್ತಿ, ಮಾವನ ಅಂಗಡಿಗೆ ಒಂದಿನ ಬರಾಕ ಆಗಂಗಿಲ್ಲೇನು?” ನಾನು ಬಳ್ಳಾರಿಯ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವಳು. ಶನಿವಾರ ಬೆಳಿಗ್ಗೆ ಬಸ್ ಹತ್ತಿದೆ.

ಹತ್ತು ಟೆಂಪ್ಲೇಟು ಅರ್ಧ ಗಂಟೆಯಲ್ಲಿ ಸಿಕ್ಕವು. ಅವನ್ನು ಓದೋದು ಒಂದು ಮಜಾ. ನಮ್ಮ ಜಿಲ್ಲೆಯ ಚರಿತ್ರೆಯೇ ಅವುಗಳ ಅಂಚಿನಲ್ಲಿದೆ. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು. ಅವತ್ತು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಹಾಗಾಗಿ ಹಳೆಯ ಪತ್ರ ಉಲ್ಲೇಖಿಸುವಾಗ ಬಳಸೋಕೆ ಅಂತ ಮಾವ ಬೇರೆಯೇ ಒಂದು ಪ್ಯಾರಾ ಇಟ್ಟಿದ್ದಾರೆ. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನ ಬೆಲ್ಲಾರಿ ಬಳ್ಳಾರಿಯಾಯಿತು, ಇಂಗ್ಲಿಷ್ ಪತ್ರಗಳನ್ನೆಲ್ಲ ತಿದ್ದಿದರು. ಕುರುಗೋಡು ತಾಲ್ಲೂಕಾದಾಗ ಒಂದು ಸಾಲು ಬದಲಾಯಿತು, 2021ರಲ್ಲಿ ಹೊಸಪೇಟೆ ಕಡೆಯದು ವಿಜಯನಗರ ಜಿಲ್ಲೆಯಾದಾಗ ಇನ್ನೊಂದು. ಹಳೆಯ ಫಾಂಟಿನ ಕಾಟ ಇದ್ದೇ ಇತ್ತು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಡಿಟಿಪಿ ಅಂಗಡಿಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟುಗಳಲ್ಲೇ ಬಹುಕಾಲ ಬಾಳಿದವು. ಆ ಫಾಂಟ್ ಇಲ್ಲದ ಕಡೆ ಫೈಲು ತೆಗೆದರೆ ಬರೀ ಸೊಟ್ಟ ಇಂಗ್ಲಿಷ್ ಕಾಣತ್ತೆ. ಯುನಿಕೋಡಿಗೆ ಬದಲಿಸಿದೆ, ಅರ್ಕಾವತ್ತು ಜಾಗ ತಪ್ಪಿದ ಕಡೆ ಕೂತು ಸರಿಮಾಡಿದೆ.

ಹನ್ನೊಂದನೆಯದು, ಹಕ್ಕು ಬಿಡುಗಡೆ ಪತ್ರದ್ದು, ಎಲ್ಲೂ ಇರಲಿಲ್ಲ. “ಯಾವುದರ ಒಂದು ಹಳೇ ಪತ್ರ ತಗೊಂಡು ಮಾಡ್ತೀನಿ ಮಾವ, ಕೊಡ್ರಿ” ಅಂದೆ. ಮಾವ ಯೋಚನೆ ಕೂಡ ಮಾಡಲಿಲ್ಲ. “ನಿಮ್ಮವ್ವಂದು ತಗೊ. ಅದ್ರಾಗ ಒಂದಕ್ಷರ ತಪ್ಪಿಲ್ಲ.”

2011ರ ಪತ್ರ. ಅಜ್ಜ ತೀರಿಕೊಂಡ ಮರುವರ್ಷದ್ದು. ತುಂಗಭದ್ರಾ ಕಾಲುವೆ ನೀರು ಹಾಯುವ ಭತ್ತದ ಗದ್ದೆ, ಪಿತ್ರಾರ್ಜಿತ. ಅದರಲ್ಲಿ ತನಗಿರೋ ಪಾಲನ್ನು ಅವ್ವ ಅಣ್ಣನಿಗೆ, ಅಂದರೆ ನನ್ನ ಮಾವನಿಗೆ, ಬಿಟ್ಟುಕೊಟ್ಟಿದ್ದು. ತಮ್ಮ ಪತ್ರ ತಾವೇ ಬರೆದುಕೊಂಡರು ಅಂತಾಗಬಾರದು ಎಂದು ‘ಬರೆದವರು’ ಅನ್ನೋ ಕಡೆ ಪಕ್ಕದ ಅಂಗಡಿಯವರ ಸಹಿ ಇತ್ತು. ಮಾತುಗಳು ಮಾತ್ರ ಮಾವನ ಟೆಂಪ್ಲೇಟಿನವು. ನಾನು ಅವ್ವನ ಹೆಸರು ಅಳಿಸಿದೆ. ಅಪ್ಪನ ಹೆಸರು, ವಯಸ್ಸು, ಕುರುಗೋಡಿನ ವಿಳಾಸ, ಸರ್ವೆ ನಂಬರು, ಚೆಕ್ಕುಬಂದಿ ಅಳಿಸಿದೆ. ಹಾಗೇ ಕೆಳಗಿಳಿದು ಈ ಸಾಲಿಗೆ ಬಂದೆ: ನನ್ನ ಮದುವೆ ಕಾಲಕ್ಕೆ ಸಾಕಷ್ಟು ಒಡವೆ ವಸ್ತ್ರ ಕೊಟ್ಟು ಮದುವೆ ಮಾಡಿರುವುದರಿಂದ, ಯಾರ ಬಲವಂತವೂ ಪ್ರೇರಣೆಯೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ, ಸ್ವಇಚ್ಛೆಯಿಂದ ಸದರಿ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ. ಇದರಲ್ಲಿ ಅಳಿಸೋಕೆ ಏನೂ ಇರಲಿಲ್ಲ. ಅವ್ವನಿಗೆ ಮಾತ್ರ ಸೇರಿದ್ದು ಅನ್ನುವ ಒಂದು ಪದವೂ ಅದರಲ್ಲಿರಲಿಲ್ಲ. ಅದರ ಕೆಳಗೆ, ಮುಂದೆ ನಾನಾಗಲಿ ನನ್ನ ವಾರಸುದಾರರಾಗಲಿ ಯಾವುದೇ ತಕರಾರು ಮಾಡತಕ್ಕದ್ದಲ್ಲ ಅಂತಿತ್ತು. ವಾರಸುದಾರಳು ಅಂದರೆ ಕೀಬೋರ್ಡಿನ ಮೇಲೆ ಕೈಯಿಟ್ಟು ಕೂತಿದ್ದವಳು.

ಕಾನೂನಿನ ಲೆಕ್ಕ ಸ್ವಲ್ಪ ಹೇಳಬೇಕು, ಯಾಕಂದರೆ ನಮ್ಮ ಆಫೀಸಿನಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದ್ದು 1994ರ ಜುಲೈ 30ಕ್ಕೆ. ಅದಕ್ಕೂ ಮುಂಚೆ ಮದುವೆಯಾದವರನ್ನು ಆ ತಿದ್ದುಪಡಿ ಹೊರಗಿಟ್ಟಿತ್ತು. ಅವ್ವನ ಮದುವೆ 1990ರಲ್ಲಿ. 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂದಾಗ ಆ ಗೆರೆ ಅಳಿಸಿಹೋಗಿ ಅವಳಿಗೂ ಪಾಲು ಬಂತು. ಆ ದಿನಕ್ಕೆ ತಂದೆ ಬದುಕಿರಬೇಕಿತ್ತಾ ಅನ್ನೋ ಗೊಂದಲವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ, ಬೇಕಿರಲಿಲ್ಲ ಅಂತ ಹೇಳಿ ಮುಗಿಸಿತು. ಮಾವನ ಲೆಕ್ಕ ಬೇರೆ. “ಹೆಣ್ಣುಮಕ್ಕಳಿಗೆ ಪಾಲು ಬಂದ ಮ್ಯಾಲೆ ನೋಡವ್ವ ಈ ಬಿಡುಗಡೆ ಪತ್ರಕ್ಕ ಗಿರಾಕಿ ಹೆಚ್ಚಾಗಿದ್ದು. ಮೊದ್ಲು ಪಾಲೇ ಇದ್ದಿಲ್ಲ, ಬಿಡೋದೇನ್ ಬಂತು?”

ಮಾವನನ್ನು ಖಳನಾಯಕ ಮಾಡೋಕೆ ನನಗೆ ಮನಸ್ಸಿಲ್ಲ. ಟೆಂಪ್ಲೇಟಿನ ಪರವಾಗಿ ಅವರು ಹೇಳಿದ್ದರಲ್ಲಿ ಬಹಳ ಸತ್ಯ ಇದೆ. ಒಂದೊಂದು ಸಾಲಿನ ಹಿಂದೆ ಒಂದೊಂದು ಕೇಸು ಇದೆ ಅಂತಾರೆ ಅವರು. ಯಾರೋ ಎಲ್ಲೋ ಆ ಪದ ಬಿಟ್ಟಿದ್ದಕ್ಕೆ ಹತ್ತು ವರ್ಷ ಕೋರ್ಟು ಅಲೆದಿದ್ದಾರೆ, ಅದರ ಫಲವಾಗಿ ನಮ್ಮ ಹಾಳೆಗೆ ಆ ಪದ ಬಂದಿದೆ. ಅದೂ ಅಲ್ಲದೆ, ಹೆಬ್ಬೆಟ್ಟು ಒತ್ತುವ ಒಬ್ಬ ಕೂಲಿಯವನಿಗೂ ಅಕ್ಕಿ ಗಿರಣಿ ಮಾಲೀಕನಿಗೂ ಮಾವ ಒಂದೇ ಮಾತನ್ನು ಬರೆದುಕೊಡ್ತಾರೆ. ಅವನಿಗೆ ಆಫೀಸಿನ ಭಾಷೆ ಬರಲ್ಲ, ಟೆಂಪ್ಲೇಟು ಅವನ ಪರವಾಗಿ ಮಾತಾಡತ್ತೆ. ನಾವು ಟೆಂಪ್ಲೇಟ್ ಅನ್ನೋದನ್ನ ಸೋಮಾರಿಗಳ ಕೆಲಸ ಅಂತ ಸುಲಭವಾಗಿ ಹಂಗಿಸ್ತೀವಿ. ಪ್ರತಿಯೊಬ್ಬರೂ ತಮ್ಮ ಕ್ರಯಪತ್ರವನ್ನು ತಮ್ಮ ಸ್ವಂತ ಮಾತಲ್ಲೇ ಬರೀಬೇಕು ಅಂತಾದರೆ ಚೆನ್ನಾಗಿ ಮಾತಾಡುವವರ ಪಾಲಿಗೇ ಊರೆಲ್ಲ ಗದ್ದೆ ಹೋದೀತು.

ನನ್ನ ತಕರಾರು ಇಡೀ ಟೆಂಪ್ಲೇಟಿನ ಮೇಲಲ್ಲ. ಚೆಕ್ಕುಬಂದಿಗೆ ಅಚ್ಚು ಇರಲಿ. ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಇಂಥವರ ಹೊಲ ಅಂತ ನಾಲ್ಕು ದಿಕ್ಕು ಹೇಳುವ ಪದ್ಧತಿ ಇವತ್ತಿನದಲ್ಲ. ನಮ್ಮ ಕುರುಗೋಡು ಒಂದು ಕಾಲಕ್ಕೆ ಸಿಂದರ ರಾಜಧಾನಿ. ಕನ್ನಡನಾಡಿನ ಯಾವ ದಾನಶಾಸನ ನೋಡಿದರೂ ಹೆಚ್ಚುಕಮ್ಮಿ ಒಂದೇ ಅಚ್ಚು: ಮೊದಲು ರಾಜನ ಬಿರುದು, ಆಮೇಲೆ ತಿಥಿ ವಾರ, ಆಮೇಲೆ ಭೂಮಿಯ ಎಲ್ಲೆ, ಕೊನೆಗೆ ಶಾಪ. ಈ ದಾನವನ್ನು ಕಿತ್ತುಕೊಂಡವನಿಗೆ ಗಂಗೆಯ ದಡದಲ್ಲಿ ಗೋವು ಕೊಂದ ಪಾಪ ಬರಲಿ ಅಂತ. ಕಲ್ಲು ಕೆತ್ತುವವನಿಗೂ ಒಂದು ಟೆಂಪ್ಲೇಟು ಇತ್ತು ಅನ್ನಿ. ಆದರೆ ಅಲ್ಲಿಯ ಬೆದರಿಕೆ ಕಿತ್ತುಕೊಳ್ಳುವವನಿಗೆ. ನನ್ನ ಮುಂದಿದ್ದ ಹಾಳೆಯಲ್ಲಿ ಬಾಯಿ ಕಟ್ಟಿಹಾಕಿದ್ದು ಕೊಟ್ಟವಳದ್ದನ್ನ.

ಎರವಲು ಮಾತೆಲ್ಲ ಸುಳ್ಳಾ ಅಂತ ನೀವು ಕೇಳಬಹುದು. ಮದುವೆಯಲ್ಲಿ ಪುರೋಹಿತರು ಹೇಳಿಕೊಟ್ಟಿದ್ದನ್ನ ಅರ್ಥ ಗೊತ್ತಿಲ್ಲದೆ ಹೇಳ್ತೀವಿ. ಯಾರಾದರೂ ಸತ್ತರೆ ‘ಆತ್ಮಕ್ಕೆ ಶಾಂತಿ ಸಿಗಲಿ’ ಅಂತ ಎಲ್ಲರೂ ಹಾಕುವುದನ್ನೇ ನಾವೂ ವಾಟ್ಸಾಪಿನಲ್ಲಿ ಹಾಕ್ತೀವಿ. ಅದಕ್ಕೇನೂ ಮೋಸ ಅನ್ನಲ್ಲ. ಅಲ್ಲಿ ಮಾತು ಎರವಲು ಅನ್ನೋದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಬಿಡುಗಡೆ ಪತ್ರದ ಸಾಲು ಹಾಗಲ್ಲ. ಅವಳ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ಅದು ವರದಿ. ಹತ್ತು ವರ್ಷ ಬಿಟ್ಟು ತಕರಾರು ಬಂದರೆ ಅವಳ ವಿರುದ್ಧ ಅದೇ ಸಾಕ್ಷಿ ಹೇಳತ್ತೆ. ಮಂತ್ರ ಹಾಗೆ ಯಾರ ವಿರುದ್ಧವೂ ಕೋರ್ಟಿಗೆ ಬರಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಮಾಡುವ ಅಧಿಕಾರಿ ವಿಚಾರಿಸಬೇಕಾದದ್ದು, ಈ ಪತ್ರ ಬರೆದುಕೊಟ್ಟಿದ್ದು ನೀವೇನಾ, ನೀವು ಇಂಥವರೇನಾ ಅಂತ. ಯಾಕೆ ಕೊಡ್ತಿದ್ದೀರಿ ಅನ್ನೋದನ್ನು ಆ ಕಾಯ್ದೆ ಕೇಳಿಸಲ್ಲ. ಹಾಗಾದರೆ ಇಡೀ ದಾರಿಯಲ್ಲಿ ಆ ಪ್ರಶ್ನೆ ಕೇಳೋಕೆ ಅವಕಾಶ ಇರೋದು ಒಂದೇ ಜಾಗದಲ್ಲಿ, ಬರೆಯುವವರ ಬೆಂಚಿನಲ್ಲಿ. ಅಲ್ಲಿ ಟೆಂಪ್ಲೇಟು ಉತ್ತರ ತುಂಬಿಕೊಂಡೇ ಕೂತಿರತ್ತೆ.

ಇದು ಹಳ್ಳಿ ಹೆಂಗಸರ ಕಥೆ ಅಂತ ಓದಿ ಮುಂದಿನ ಪುಟಕ್ಕೆ ಹೋಗಬೇಡಿ. 2023ರಲ್ಲಿ ನನ್ನ ಗೆಳತಿಯೊಬ್ಬಳನ್ನು ಒಂದು ಕಂಪನಿ ಮನೆಗೆ ಕಳಿಸಿತು. ಎಚ್‌ಆರ್‌ನವರು ಮೀಟಿಂಗ್ ಮುಗಿಯೋ ಮೊದಲೇ ಒಂದು ಫಾರ್ಮ್ಯಾಟ್ ಮೇಲ್ ಮಾಡಿದ್ದರು: ವೈಯಕ್ತಿಕ ಕಾರಣಗಳಿಂದ, ನನ್ನ ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ. ಹೆಸರಿನ ಜಾಗ ಖಾಲಿ. ಅವಳು ಹೆಸರು ತುಂಬಿ ಕಳಿಸಿದಳು. ರಿಲೀವಿಂಗ್ ಲೆಟರ್ ಬೇಕಲ್ಲ.

ಸಿರುಗುಪ್ಪದಿಂದ ನಾನು ಮರುದಿನ ನೇರ ಕುರುಗೋಡಿಗೆ ಹೋದೆ. ಅವ್ವ ಜಗುಲಿ ಮೇಲೆ ಒಣಮೆಣಸಿನಕಾಯಿ ತೊಟ್ಟು ಬಿಡಿಸ್ತಾ ಕೂತಿದ್ದಳು. ಕೇಳಿದೆ: ಅವತ್ತು ಸಹಿ ಮಾಡೋ ಮುಂಚೆ ಓದಿದ್ಯಾ?

“ಓದೋದೇನೈತಿ? ನಮ್ಮಣ್ಣ ಬರ್ಸ್ಯಾನ ಅಂದ ಮ್ಯಾಲ.”

ಇಷ್ಟ ಇತ್ತಾ ನಿನಗೆ?

“ಇಷ್ಟ ಅಂದ್ರ? ನನ್ನ ಯಾರೂ ಬಡೀಲಿಲ್ಲ, ಬೈಲಿಲ್ಲ. ಒಲ್ಲೆ ಅಂದಿದ್ರ ಯಾರೂ ಏನೂ ಅಂತಿದ್ದಿಲ್ಲ.” ಒಂದು ಹಿಡಿ ತೊಟ್ಟು ಮೊರಕ್ಕೆ ಹಾಕಿ, “ಮಾತೇ ಆಡ್ತಿದ್ದಿಲ್ಲ” ಅಂದಳು. “ಇವತ್ತಿಗೂ ಪಂಚಮಿಗೆ ಕರಿಯಾಕ ನಮ್ಮಣ್ಣನೇ ಬರ್ತಾನ, ನೋಡೀಯಲ್ಲ. ತವರುಮನಿ ಬಾಗ್ಲು ಮುಚ್ಚಿಸ್ಕೊಂಡು ಗದ್ದಿ ತಗೊಂಡು ಏನ್ ಮಾಡ್ಲಿ?”

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. 1872ರ ಕರಾರು ಕಾಯ್ದೆ ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ ಅಂತೆಲ್ಲ ಪಟ್ಟಿ ಮಾಡಿ, ಇವು ಇಲ್ಲದ ಒಪ್ಪಿಗೆಯೇ ಮುಕ್ತ ಒಪ್ಪಿಗೆ ಅನ್ನತ್ತೆ. ಪಂಚಮಿಗೆ ಕರೆಯೋಕೆ ಬರೋದು ಆ ಪಟ್ಟಿಯ ಯಾವ ಕಲಮಿಗೆ ಸೇರತ್ತೆ? ಅವ್ವ ಗದ್ದೆಗಿಂತ ಅಣ್ಣನನ್ನು ಆರಿಸಿಕೊಂಡಳು ಅನ್ನಬಹುದು, ಅದು ಆಯ್ಕೆಯೇ. ಎರಡರಲ್ಲಿ ಒಂದೇ ಅಂತ ಹಾಗೆ ಎದುರಿಗಿಟ್ಟಿದ್ದು ಯಾರು ಅಂತಲೂ ಕೇಳಬಹುದು. ಮಾವನಿಗೆ ಗದ್ದೆಯೂ ಸಿಕ್ಕಿತು, ತಂಗಿಯೂ ಉಳಿದಳು. ಆದರೆ ಪತ್ರದಲ್ಲಿ ಇದು ಯಾವುದೂ ಇಲ್ಲ. ಸಾಕಷ್ಟು ಒಡವೆ ಕೊಟ್ಟಿದ್ದಕ್ಕೆ ಬಿಟ್ಟಳು ಅಂತ ಇದೆ. ಅವ್ವನಿಗೆ ಹಾಕಿದ್ದು ಎರಡು ತೊಲ.

ಕಾರಣ ನೀನೇ ಬರಿ ಅಂದಿದ್ದರೆ ಏನು ಬರೆಸ್ತಿದ್ದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಬದುವಿನ ಮ್ಯಾಲೆ ನಮ್ಮಪ್ಪ ಹಚ್ಚಿದ ಬೇವಿನಮರ ಐತಿ. ಅದನ್ನ ಕಡೀಬಾರ್ದು ಅಂತ ಬರಸ್ತಿದ್ದೆ.” ಆಮೇಲೆ ನನ್ನ ಮುಖ ನೋಡಿ, “ಯಾಕ, ನಿಮ್ಮ ಮಾವ ಏನರ ಅಂದನ?” ಅಂತ ಕೇಳಿದಳು.

ಇದನ್ನೆಲ್ಲ ಮಾವನಿಗೆ ಫೋನಿನಲ್ಲಿ ಹೇಳಿದೆ. ಬೇವಿನಮರದ ಮಾತು ಬಂದಾಗ ಆ ಕಡೆ ಸದ್ದಿಲ್ಲ. ಆಮೇಲೆ ಅವರು ಬೇರೆಯದೇ ಒಂದು ವಿಷಯ ತೆಗೆದರು. ಟೆಂಪ್ಲೇಟು ಇಲ್ಲದ ಆ ನಾಲ್ಕು ದಿನದಲ್ಲಿ ಒಂದು ಬಿಡುಗಡೆ ಪತ್ರ ಬಂದಿತ್ತಂತೆ. ಅಷ್ಟು ವರ್ಷ ಬರೆಸಿದ ಸಾಲು, ಕೈಯಲ್ಲಿ ಬರೆಯೋಕೆ ಹೋದರೆ ‘ಮದುವೆ ಕಾಲಕ್ಕೆ’ ಅನ್ನೋ ಕಡೆ ಪೆನ್ನು ನಿಂತುಬಿಟ್ಟಿದೆ. “ಮೌಸ್ ಹಿಡಿದ ಕೈಗೆ ನೆನಪು ಎಲ್ಲಿರತೈತವ್ವ?” ಅಂದರು. ಸರಿ, ಬೆಂಚಿನ ಮೇಲೆ ಕೂತಿದ್ದ ಹೆಣ್ಣುಮಗಳನ್ನೇ ಕೇಳಿದ್ದಾರೆ, ಯಾಕಮ್ಮ ಬಿಡ್ತಿ ಅಂತ. ಅವಳು ಸಹಜವಾಗಿ, ನನ್ನ ಮಗನ್ನ ಡಿಗ್ರಿತನಕ ಓದಸ್ತೀನಿ ಅಂತ ಅಣ್ಣ ಮಾತು ಕೊಟ್ಟಾನ, ಅದಕ್ಕ ಬಿಡ್ತೀನಿ ಅಂದಿದ್ದಾಳೆ. ಮಾವ ಹಾಗೇ ಬರೆದರು. ಅಣ್ಣ ಓದಿ ನೋಡಿದ. ಬಾಯಲ್ಲಿ ಕೊಟ್ಟ ಮಾತು ಹಾಳೆಯ ಮೇಲೆ ಬಂದ ಕೂಡಲೇ ಸಾಲದ ಹಾಗೆ ಕಂಡಿರಬೇಕು. “ಇದೆಲ್ಲಾ ಯಾಕ್ರಿ, ಮಾಮೂಲಿ ಹಾಕ್ರಿ” ಅಂದ. ಮಾಮೂಲಿ ಕಳೆದುಹೋಗಿದೆ ಅಂದರು ಮಾವ. ಅವರು ಎದ್ದು ಪಕ್ಕದ ಅಂಗಡಿಗೆ ಹೋದರು. ಅಲ್ಲಿ ಯಾವ ಅಪ್‌ಡೇಟೂ ಆಗಿರಲಿಲ್ಲ.

ಮಾಮೂಲು ಅಂದರೆ ಸರ್ಕಾರಿ ಕಚೇರಿಗಳ ಭಾಷೆಯಲ್ಲಿ ಇನ್ನೊಂದು ಅರ್ಥ ಇದೆ, ನಿಮಗೆ ಗೊತ್ತೇ ಇದೆ. ಎರಡಕ್ಕೂ ಒಂದೇ ಪದ ಸಿಕ್ಕಿದ್ದು ಕಾಕತಾಳೀಯ ಅಂತ ನನಗೆ ಅನ್ನಿಸಲ್ಲ. ಕೇಳದೆ ಕೊಡಬೇಕಾದದ್ದು, ಕೊಟ್ಟ ಮೇಲೆ ಮಾತಾಡಬಾರದ್ದು.

ನಾನು ಹನ್ನೊಂದನೆಯ ಟೆಂಪ್ಲೇಟನ್ನು ಮಾವನಿಗೆ ಕಳಿಸಿದೆ. ಬಲವಂತವಿಲ್ಲದೆ, ಸ್ವಸ್ಥ ಮನಸ್ಸಿನಿಂದ ಅನ್ನೋ ಪದಗಳು ಇದ್ದಲ್ಲೇ ಇವೆ. ಅವು ಇಲ್ಲದಿದ್ದರೆ ಪತ್ರ ನಿಲ್ಲಲ್ಲ ಅಂತ ಮಾವ ಹೇಳಿದ್ದು ಸರಿ. ಒಡವೆ ವಸ್ತ್ರದ ಮಾತು ತೆಗೆದು ಆ ಜಾಗದಲ್ಲಿ ಎರಡು ಸಾಲು ಬರೀ ಚುಕ್ಕಿ ಹಾಕಿದೆ. ಮಾವ ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ, “ಚುಕ್ಕಿ ಇರ್ಲಿ ಬಿಡವ್ವ” ಅಂತ ಒಂದು ವಾಯ್ಸ್ ಮೆಸೇಜ್ ಬಂತು. ಅವ್ವನ ಪತ್ರದ ಬಗ್ಗೆ ಅವರು ಇವತ್ತಿಗೂ ಏನೂ ಮಾತಾಡಿಲ್ಲ, ಅವ್ವನೂ ಕೇಳಿಲ್ಲ. ಮುಂದೆ ಅಪ್ಪನ ಹೊಲದ ಸರದಿ ಬಂದಾಗ, ನನ್ನ ತಮ್ಮ ನನ್ನನ್ನು ಸಿರುಗುಪ್ಪದ ಬೆಂಚಿಗೆ ಕರಕೊಂಡು ಹೋದಾಗ, ಆ ಚುಕ್ಕಿಗಳ ಮೇಲೆ ಏನು ಬರೆಸ್ತೀನಿ ಅಂತ ನನಗಿನ್ನೂ ಗೊತ್ತಿಲ್ಲ.

ಚುಕ್ಕಿ ಹಾಕಿದ ಮಾತ್ರಕ್ಕೆ ಎಲ್ಲ ಬದಲಾಯಿತು ಅಂತ ತಿಳೀಬೇಡಿ. ಬಂದವರಲ್ಲಿ ಹೆಚ್ಚಿನವರು ಅಲ್ಲಿ ಒಡವೆ ವಸ್ತ್ರ ಅಂತಲೇ ಬರೆಸ್ತಾರಂತೆ. ಬರೆಸೋದು ಅಣ್ಣತಮ್ಮಂದಿರು, ಅಕ್ಕತಂಗಿಯರು ನೆಲ ನೋಡ್ತಾ ಕೂತಿರ್ತಾರೆ. ಅದಕ್ಕೆ ಮಾವ ಈಚೆಗೆ ಒಂದು ಉಪಾಯ ಮಾಡಿದ್ದಾರೆ. ಚುಕ್ಕಿಯ ಜಾಗಕ್ಕೆ ಬರುತ್ತಲೇ ಕನ್ನಡಕ ತೆಗೆದು, “ಆಧಾರ್ ಝೆರಾಕ್ಸ್ ಸರಿ ಬಂದಿಲ್ಲ ನೋಡಪಾ, ಇನ್ನೊಂದು ಮಾಡಿಸ್ಕೊಂಡ್ ಬಾ” ಅಂತ ಅಣ್ಣನನ್ನು ರಸ್ತೆಯಾಚೆಯ ಅಂಗಡಿಗೆ ಕಳಿಸ್ತಾರೆ. ಐದು ನಿಮಿಷದ ಕೆಲಸ. ಅಷ್ಟರಲ್ಲಿ ತಂಗಿಯನ್ನು ಕೇಳಬೇಕು. ಕೆಲವರು ಬಾಯಿಬಿಡೋ ಹೊತ್ತಿಗೆ ಅಣ್ಣ ವಾಪಸ್ ಬಂದುಬಿಡ್ತಾನೆ ಅಂತ ಈಗ ಪಹಣಿಯದ್ದೂ ಸೇರಿಸಿ ಎರಡು ಸೆಟ್ ತರಿಸ್ತಾರೆ.